ಹೊಸಿಲು ದಾಟುವ ಹೊತ್ತು

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ ಕರ್ನಾಟಕ ವಿಶ್ವವಿದ್ಯಾನಿಲಯವು 1949ರಲ್ಲಿಯೂ ಸ್ಥಾಪಿತವಾದಾಗ ನಾಡಿನ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆಯಿತು. ಹೊಸಿಲು ದಾಟುವ ಕಷ್ಟವು ಮಾತ್ರ ಉಳಿದಿದೆ. ಪ್ರೌಢಶಾಲೆಯಲ್ಲಿ ಗಂಟೆಯ ನಾದವೂ ಗುರುವಿನ ಕಣ್ಣೂ ವಿದ್ಯಾರ್ಥಿಯನ್ನು ನಡೆಸುತ್ತವೆ. ಅಲ್ಲಿ ಉಪನ್ಯಾಸವು ದಾರಿಯನ್ನಷ್ಟೇ ತೋರಿ, ನಡೆಯುವ ಹೊಣೆಯನ್ನು ಅವನಿಗೇ ಬಿಡುತ್ತದೆ.

ಕನ್ನಡದಲ್ಲಿ ಕಲಿತು ವಿಜ್ಞಾನಕ್ಕೆ ಸೇರಿದವನಿಗೆ ಭಾಷೆಯ ತೊಡಕೂ ಉಂಟು. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲವನು ‘ಫೋಟೋಸಿಂಥೆಸಿಸ್’ ಎಂದೊಡನೆ ಮೌನಿಯಾಗುತ್ತಾನೆ. ಅವನಿಗೆ ತಿಳಿಯದಿರುವುದು ವಿಷಯವಲ್ಲ, ಅದರ ಇಂಗ್ಲಿಷ್ ಹೆಸರು. ಈ ಮೌನವನ್ನು ದಡ್ಡತನವೆಂದು ಬಗೆದು ಅವನು ಓದು ತೊರೆದರೆ ನಷ್ಟವು ಸಮಾಜದ್ದು.

ಆದುದರಿಂದ ಶಿಕ್ಷಕರು ಹತ್ತನೆಯ ತರಗತಿಯಲ್ಲಿಯೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಪರಿಚಯಿಸಲಿ. ನಗರಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಹೊಸಬರನ್ನು ಮೊದಲ ತಿಂಗಳು ಕೈಹಿಡಿದು ನಡೆಸಲಿ. ದಾನಿಗಳು ಶುಲ್ಕದೊಡನೆ ಒಂದು ನಿಘಂಟನ್ನೂ ಕೊಡಲಿ. ನಮ್ಮ ಜ್ಞಾನದಾಸೋಹವು ಶಾಲೆಯ ಹೊಸಿಲಿನಲ್ಲಿಯೇ ನಿಲ್ಲಬಾರದು.