ಮಡಿಕೆ ತಪ್ಪಿದ ಪ್ರೋಟೀನು

ಕಾಯಿಸಿ ಆರಿಸಿದ ಹಾಲಿಗೆ ರಾತ್ರಿ ಒಂದು ಚಮಚ ಮಜ್ಜಿಗೆಯನ್ನು ಹೆಪ್ಪಾಗಿ ಬೆರೆಸಿದರೆ, ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲೆಲ್ಲವೂ ಮೊಸರಾಗಿರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನಲ್ಲಿ ವೃದ್ಧಿಯಾಗುವುದೇ ಇದಕ್ಕೆ ಕಾರಣವೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದೇ ಮಜ್ಜಿಗೆಯನ್ನು ಚೆನ್ನಾಗಿ ಕುದಿಸಿ ಬೆರೆಸಿದರೆ ಹಾಲು ಮೊಸರಾಗದು; ಏಕೆಂದರೆ ಅದರಲ್ಲಿದ್ದ ಜೀವಿಗಳು ಆಗಲೇ ಸತ್ತಿರುತ್ತವೆ. ಅಂಟುರೋಗಗಳ ರೀತಿಯೂ ಇಂತಹುದೇ. ರೋಗಾಣುವು ಬ್ಯಾಕ್ಟೀರಿಯವಾಗಿರಲಿ, ವೈರಸ್ಸಾಗಿರಲಿ, ತನ್ನಂತಹ ಇನ್ನೊಂದನ್ನು ನಿರ್ಮಿಸಬೇಕಾದರೆ ಅದರಲ್ಲಿ ನ್ಯೂಕ್ಲಿಯಿಕ್ ಆಮ್ಲವೆಂಬ ಆನುವಂಶಿಕ ದ್ರವ್ಯವು ಇರಲೇಬೇಕೆಂದು 20ನೆಯ ಶತಮಾನದ ನಡುಭಾಗದ ವಿಜ್ಞಾನಿಗಳು ನಂಬಿದ್ದರು. ಈ ನಿಯಮಕ್ಕೆ ಒಳಪಡದ ರೋಗವೊಂದು ಉಂಟೆ?

ಕುರಿಗಳಿಗೆ ಬರುವ ಸ್ಕ್ರೇಪಿ ಎಂಬ ರೋಗವು ಯೂರೋಪಿನ ಕುರಿಗಾಹಿಗಳಿಗೆ 18ನೆಯ ಶತಮಾನದಿಂದಲೂ ಪರಿಚಿತವಾದುದು. ರೋಗ ಹಿಡಿದ ಕುರಿಯು ಬೇಲಿಗೆ ಮೈಯುಜ್ಜಿಕೊಂಡು ತನ್ನ ಉಣ್ಣೆಯನ್ನೇ ಕಳೆದುಕೊಳ್ಳುತ್ತದೆ. ಬಳಿಕ ತತ್ತರಿಸುತ್ತ ನಡೆದು ಕೊನೆಗೆ ಸಾಯುತ್ತದೆ. ಅದರ ಮಿದುಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪಂಜಿನಂತೆ ತೂತು ತೂತಾಗಿ ಕಾಣುತ್ತದೆ. 1936ರಲ್ಲಿ ಫ್ರಾನ್ಸಿನ ಇಬ್ಬರು ಪಶುವೈದ್ಯರು ಈ ರೋಗವನ್ನು ಒಂದು ಕುರಿಯಿಂದ ಇನ್ನೊಂದಕ್ಕೆ ಚುಚ್ಚಿ ಹರಡಬಹುದೆಂದು ತೋರಿಸಿದರು. ಆದರೆ ರೋಗವು ಕಾಣಿಸಿಕೊಳ್ಳಲು ಅವರು ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಇನ್ನೂ ವಿಚಿತ್ರವೆಂದರೆ, ರೋಗದ ಮಿದುಳಿನ ಸಾರವನ್ನು ಕುದಿಸಿದರೂ, ಫಾರ್ಮಲಿನ್ನಿನಲ್ಲಿ ಇಟ್ಟರೂ ಅದರ ಸೋಂಕು ಪೂರ್ತಿಯಾಗಿ ನಾಶವಾಗುತ್ತಿರಲಿಲ್ಲ.

ಇದೇ ಬಗೆಯ ರೋಗ ಮನುಷ್ಯರಲ್ಲಿಯೂ ಇದೆಯೆಂದು ಮುಂದೆ ತಿಳಿದುಬಂದಿತು. ನ್ಯೂಗಿನಿ ದ್ವೀಪದ ಫೋರೆ ಜನರಲ್ಲಿ ಹರಡಿದ್ದ 'ಕುರು' ಎಂಬ ವ್ಯಾಧಿಯನ್ನು ಗೈಡುಶೆಕ್ ಮತ್ತು ಝಿಗಾಸ್ ಎಂಬ ವೈದ್ಯರು 1957ರಲ್ಲಿ ವರ್ಣಿಸಿದರು. ನಮ್ಮ ಭಾಷೆಯ ಕುರುವಿಗೂ ಇದಕ್ಕೂ ಸಂಬಂಧವಿಲ್ಲ. ಅವರ ನುಡಿಯಲ್ಲಿ ಅದಕ್ಕೆ ನಡುಕವೆಂದು ಅರ್ಥ. ಸತ್ತ ಬಂಧುಗಳ ದೇಹವನ್ನು ಗೌರವಪೂರ್ವಕವಾಗಿ ಉಣ್ಣುವ ಉತ್ತರಕ್ರಿಯೆಯೊಂದು ಅವರಲ್ಲಿತ್ತು. ಅದರಲ್ಲಿ ಹೆಚ್ಚಾಗಿ ಪಾಲ್ಗೊಳ್ಳುತ್ತಿದ್ದವರು ಹೆಂಗಸರು ಮತ್ತು ಮಕ್ಕಳು. ವ್ಯಾಧಿಗೆ ಹೆಚ್ಚಾಗಿ ತುತ್ತಾದವರೂ ಅವರೇ. ಕುರು ರೋಗಿಯ ಮಿದುಳು ಸ್ಕ್ರೇಪಿ ಕುರಿಯ ಮಿದುಳನ್ನು ಹೋಲುತ್ತದೆಂದು 1959ರಲ್ಲಿ ಅಮೆರಿಕದ ಪಶುವೈದ್ಯ ಹ್ಯಾಡ್ಲೋ ಗುರುತಿಸಿದರು. ಕುರುವು ಚಿಂಪಾಂಜಿಗಳಿಗೂ ತಗಲುವುದೆಂಬ ವರದಿ 1966ರಲ್ಲಿ ಪ್ರಕಟವಾಯಿತು.

ಹಾಗಾದರೆ ಈ ರೋಗಕಾರಕ ವಸ್ತುವಾದರೂ ಯಾವುದು? ಉತ್ತರದ ಮೊದಲ ಸುಳಿವು ದೊರೆತದ್ದು ಭೌತವಿಜ್ಞಾನದ ಒಂದು ವಿಧಾನದಿಂದ. ಅಂಗಳದಲ್ಲಿ ಒಂದು ತಟ್ಟೆಯನ್ನೂ ಒಂದು ನಾಣ್ಯವನ್ನೂ ಇಟ್ಟಿರುವಾಗ ತುಂತುರು ಮಳೆ ಆರಂಭವಾಯಿತೆನ್ನೋಣ. ತಟ್ಟೆಗೆ ಬೇಗನೆ ಹನಿ ಬೀಳುತ್ತದೆ. ನಾಣ್ಯಕ್ಕೆ ತಡವಾಗಿ ಬೀಳುತ್ತದೆ. ಆದುದರಿಂದ ಎಷ್ಟು ಮಳೆಯಾದ ಮೇಲೆ ವಸ್ತುವಿಗೆ ಪೆಟ್ಟು ಬಿದ್ದಿತೆಂಬುದನ್ನು ಅಳೆದರೆ, ವಸ್ತುವನ್ನು ನೋಡದೆಯೇ ಅದರ ಗಾತ್ರವನ್ನು ಅಂದಾಜು ಮಾಡಬಹುದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟಿಕ್ವಾ ಆಲ್ಪರ್ ಎಂಬ ವಿದುಷಿಯು ಮಳೆಹನಿಗೆ ಬದಲಾಗಿ ಇಲೆಕ್ಟ್ರಾನುಗಳನ್ನು ಸ್ಕ್ರೇಪಿ ಸಾರದ ಮೇಲೆ ಹಾಯಿಸಿದರು. ಬಳಿಕ ಆ ಸಾರವನ್ನು ಇಲಿಗಳಿಗೆ ಚುಚ್ಚಿ, ರೋಗವು ಬರುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ರೋಗಕಾರಕದ ತೂಕವು ಹೈಡ್ರೊಜನ್ ಪರಮಾಣುವಿನ ತೂಕದ ಸುಮಾರು 2,00,000 ಪಟ್ಟು ಮಾತ್ರವೆಂದು 1966ರಲ್ಲಿ ಅವರ ಲೆಕ್ಕ ತೋರಿಸಿತು. ಪರಿಚಿತ ವೈರಸ್ಸುಗಳ ಮುಂದೆ ಇದು ತೀರ ಸಣ್ಣದು. ಅಲ್ಲದೆ, ನ್ಯೂಕ್ಲಿಯಿಕ್ ಆಮ್ಲವನ್ನು ಹಾಳುಗೆಡಹುವ 254 ನ್ಯಾನೊಮೀಟರು ತರಂಗದೂರದ ಅತಿನೇರಳೆ ಕಿರಣಗಳಿಗೂ ಅದು ಬಗ್ಗಲಿಲ್ಲ. ನ್ಯೂಕ್ಲಿಯಿಕ್ ಆಮ್ಲವಿಲ್ಲದೆಯೇ ಇದು ವೃದ್ಧಿಯಾಗುವುದೇ ಎಂದು 1967ರಲ್ಲಿ ಅವರು ಬಹಿರಂಗವಾಗಿ ಪ್ರಶ್ನಿಸಿದರು. ಅದೇ ವರ್ಷ ಗ್ರಿಫಿತ್ ಎಂಬ ಗಣಿತಜ್ಞರು, ಪ್ರೋಟೀನೊಂದೇ ಈ ಕೆಲಸವನ್ನು ಮಾಡಬಲ್ಲ ಬಗೆಗಳನ್ನು ಸೂಚಿಸಿದರು.

ಇದನ್ನು ತಿಳಿಯಲು ಪ್ರೋಟೀನಿನ ರಚನೆಯನ್ನು ಸ್ವಲ್ಪ ನೋಡಬೇಕು. ಪ್ರೋಟೀನು ಅಮೈನೊ ಆಮ್ಲಗಳೆಂಬ ಕೊಂಡಿಗಳ ಉದ್ದನೆಯ ಸರಪಣಿ. ಇಂತಹ ಕೊಂಡಿಗಳಲ್ಲಿ ಮುಖ್ಯವಾಗಿ 20 ವಿಧಗಳಿವೆ. ಸರಪಣಿಯು ಮಡಚಿಕೊಂಡು ತನ್ನ ನಿಯತವಾದ ಆಕಾರವನ್ನು ತಾಳಿದಾಗಲೇ ತನ್ನ ಕೆಲಸವನ್ನು ಮಾಡಬಲ್ಲುದು. ಕೊಂಡಿಗಳು ಯಾವ ಯಾವ ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲವೆಂಬುದನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ನಕ್ಷೆಯ ಮೂಲಕ ತೋರಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಈ ಭೌತವಿಜ್ಞಾನಿಯ ನಕ್ಷೆ ಇಂದಿಗೂ ಬಳಕೆಯಲ್ಲಿದೆ. ಬಿಡಿಸಿಟ್ಟ ಸರಪಣಿಯು ತನ್ನಷ್ಟಕ್ಕೆ ತಾನೇ ಮೊದಲಿನ ಆಕಾರಕ್ಕೆ ಮಡಚಿಕೊಳ್ಳುವುದೆಂದು ತೋರಿಸಿದ ಅಮೆರಿಕದ ಆನ್‌ಫಿನ್‌ಸೆನ್ 1972ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಮಡಚಿಕೊಳ್ಳುವುದೆಂದರೆ ಗುಡ್ಡದ ಮೇಲಿನ ಚೆಂಡು ಉರುಳಿ ಹಳ್ಳದಲ್ಲಿ ನಿಲ್ಲುವಂತೆ. ಸರಪಣಿಯು ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ನೆಲೆಗೊಳ್ಳುತ್ತದೆ. ಆದರೆ ಪಕ್ಕದ ದಿಣ್ಣೆಯಾಚೆ ಇನ್ನೊಂದು ಹಳ್ಳವಿದ್ದರೆ? ಆಗ ಒಂದೇ ಸರಪಣಿಗೆ ಎರಡು ಆಕಾರಗಳು ಸಾಧ್ಯ. 1972ರಲ್ಲಿ ಇಂತಹದೇ ಮಿದುಳು ರೋಗದಿಂದ ನರಳುತ್ತಿದ್ದ ರೋಗಿಯೊಬ್ಬರನ್ನು ಕಂಡ ಅಮೆರಿಕದ ವೈದ್ಯ ಸ್ಟಾನ್ಲಿ ಪ್ರೂಸಿನರ್ ಸಂಶೋಧನೆಗೆ ಇಳಿದರು. ರೋಗಕಾರಕವು ಪ್ರೋಟೀನೆಂದು ಸಾರಿ 1982ರಲ್ಲಿ ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟಾಗ ಅನೇಕರು ಅವರನ್ನು ಬಲವಾಗಿ ವಿರೋಧಿಸಿದರು. ಆದರೆ ಆ ಪ್ರೋಟೀನಿನ ಜೀನು ಆರೋಗ್ಯವಂತ ಪ್ರಾಣಿಗಳಲ್ಲಿಯೂ ಇದೆಯೆಂದು 1985ರಲ್ಲಿ ತಿಳಿಯಿತು. ಆ ಜೀನನ್ನು ತೆಗೆದುಹಾಕಿದ ಇಲಿಗಳಿಗೆ ಸ್ಕ್ರೇಪಿ ಬರುವುದಿಲ್ಲವೆಂದು 1993ರಲ್ಲಿ ಸಿದ್ಧವಾಯಿತು. 1997ರಲ್ಲಿ ಪ್ರೂಸಿನರ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹೊರಗಿನಿಂದ ಬರುವುದು ಜೀವಿಯಲ್ಲ. ನಮ್ಮದೇ ಪ್ರೋಟೀನಿನ ಕೆಟ್ಟ ಆಕಾರ. ಅದು ಮಾಡುವ ಕೆಲಸ ಮೊಸರಿನ ಹೆಪ್ಪಿಗಿಂತ ಕಲ್ಲುಸಕ್ಕರೆಯ ಹರಳಿಗೆ ಹತ್ತಿರವಾದುದು. ಗಟ್ಟಿಯಾದ ಸಕ್ಕರೆ ಪಾಕದಲ್ಲಿ ಒಂದು ಹರಳನ್ನು ಇಳಿಬಿಟ್ಟರೆ ಪಾಕದ ಸಕ್ಕರೆಯು ಅದೇ ಜೋಡಣೆಯಲ್ಲಿ ಅದಕ್ಕೆ ಅಂಟಿಕೊಂಡು ಬೆಳೆಯುತ್ತದೆಯಲ್ಲವೆ? ಅಂತೆಯೇ ಕೆಟ್ಟ ಪ್ರೋಟೀನು ಸರಿಯಾದುದನ್ನು ತನ್ನ ಅಚ್ಚಿಗೆ ಎಳೆದುಕೊಳ್ಳುತ್ತದೆ. ಸುರುಳಿಯಾಗಿದ್ದ ಭಾಗಗಳು ಚಪ್ಪಟೆಯಾದ ಪಟ್ಟಿಗಳಾಗಿ, ಒಂದರ ಮೇಲೊಂದು ಅಡಕವಾಗಿ ಕುಳಿತು ನಾರುಗಳಾಗುತ್ತವೆ. ಕೊಲ್ಲಲು ಅಲ್ಲಿ ಜೀವವೇ ಇಲ್ಲವಾದ್ದರಿಂದ ಕುದಿಸುವುದು ಸಾಲದು.

ಈ ತತ್ತ್ವ ಇಂದು ಬಹು ವಿಸ್ತಾರವಾಗಿ ಅನ್ವಯಿಸುತ್ತಿದೆ. ವೃದ್ಧಾಪ್ಯದಲ್ಲಿ ನೆನಪನ್ನು ಕಸಿಯುವ ಆಲ್‌ಝೈಮರ್ ರೋಗದಲ್ಲಿ ಅಮಿಲಾಯ್ಡ್ ಬೀಟಾ ಮತ್ತು ಟೌ, ಕೈಕಾಲು ನಡುಗಿಸುವ ಪಾರ್ಕಿನ್‌ಸನ್ ರೋಗದಲ್ಲಿ ಆಲ್ಫ ಸೈನ್ಯೂಕ್ಲೀನ್ ಎಂಬ ಪ್ರೋಟೀನುಗಳು ಮಡಿಕೆ ತಪ್ಪಿ ಮಿದುಳಿನಲ್ಲಿ ಗಡ್ಡೆಕಟ್ಟುತ್ತವೆ. ಈ ಎರಡು ರೋಗಗಳು ಆರೈಕೆ ಮಾಡುವವರಿಗೆ ಅಂಟುವುದಿಲ್ಲವೆಂಬುದನ್ನು ಓದುಗರು ಮರೆಯಬಾರದು. ಅಜ್ಜ ಅಜ್ಜಿಯರ ಬಳಿ ಕುಳಿತುಕೊಳ್ಳಲು ಯಾರೂ ಹೆದರಬೇಕಾಗಿಲ್ಲ. ಪ್ರಿಯಾನನ್ನು ನೇರವಾಗಿ ಮುಟ್ಟುವ ಸಂಶೋಧಕರ ಮಾತು ಬೇರೆ. 2010ರಲ್ಲಿ ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ಸೋಂಕಿನ ಇಲಿಯ ಮಿದುಳಿನೊಡನೆ ಕೆಲಸ ಮಾಡುತ್ತಿದ್ದಾಗ ತರುಣಿಯೊಬ್ಬಳ ಹೆಬ್ಬೆರಳಿಗೆ ಚಿಮಟ ಚುಚ್ಚಿತು. ಏಳು ವರ್ಷಗಳ ಮೇಲೆ ರೋಗವು ತಲೆದೋರಿತು. 2019ರಲ್ಲಿ ಆಕೆ ತೀರಿಕೊಂಡಳು.

ಪ್ರಿಯಾನ್ ರೋಗಗಳನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ರೋಗದ ಈ ಗುಣವನ್ನೇ ಅದನ್ನು ಪತ್ತೆಮಾಡಲು ಬಳಸಿಕೊಂಡಿದ್ದಾರೆ. ಪ್ರಯೋಗಾಲಯದಲ್ಲಿ ತಯಾರಿಸಿದ ಸರಿಯಾದ ಪ್ರೋಟೀನಿಗೆ ರೋಗಿಯ ಬೆನ್ನುಹುರಿಯ ದ್ರವವನ್ನು ಒಂದಿಷ್ಟು ಬೆರೆಸಿ ಮತ್ತೆ ಮತ್ತೆ ಕುಲುಕುತ್ತಾರೆ. ದ್ರವದಲ್ಲಿ ಕೆಟ್ಟ ಅಚ್ಚು ಇದ್ದರೆ ನಾರುಗಳು ಹುಟ್ಟಿ, ಜೊತೆಯಲ್ಲಿ ಹಾಕಿದ ಬಣ್ಣವು ಬೆಳಗುತ್ತದೆ. ಆ ಹೆಪ್ಪು ಹಿಡಿಯದಂತೆ ತಡೆಯುವುದು ಹೇಗೆಂಬುದೇ ಮುಂದಿನ ಪ್ರಶ್ನೆ. ಅದನ್ನು ಬಿಡಿಸಲು ವೈದ್ಯರೊಂದಿಗೆ ರಸಾಯನವಿಜ್ಞಾನಿಗಳೂ ಭೌತವಿಜ್ಞಾನಿಗಳೂ ದುಡಿಯುತ್ತಿದ್ದಾರೆ. ಇಂದು ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೂ ಅಲ್ಲಿ ಕೆಲಸ ಉಳಿದಿದೆ.