ಪಾಠಶಾಲೆಗಳೂ ನೂತನ ಯಂತ್ರಗಳೂ

ಈಚಿನ ವರುಷಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸಲು ಬರುವ ತಂದೆತಾಯಿಗಳಲ್ಲಿ ಅನೇಕರು ಮೊದಲು ವಿಚಾರಿಸುವುದು ಉಪಾಧ್ಯಾಯಿನಿಯರ ಯೋಗ್ಯತೆಯನ್ನಲ್ಲ, ಪುಸ್ತಕಭಂಡಾರವನ್ನೂ ಅಲ್ಲ. ತರಗತಿಗಳಲ್ಲಿ ಕಂಪ್ಯೂಟರು ಉಂಟೋ ಇಲ್ಲವೋ ಎಂಬದನ್ನು. ಈ ಪ್ರಶ್ನೆಯು ತಪ್ಪೆಂದು ಹೇಳಲಾರೆವು. ಆದರೆ ಇಂಥ ಯಂತ್ರಗಳನ್ನು ನಮಗಿಂತ ಮುಂಚಿತವಾಗಿಯೂ ಧಾರಾಳವಾಗಿಯೂ ಕೊಂಡ ಕೆಲವು ದೇಶಗಳು ಈಗ ತಮ್ಮ ಲೆಕ್ಕವನ್ನು ತಿರುಗಿ ನೋಡುತ್ತಿರುವದರಿಂದ, ಅವುಗಳ ಅನುಭವವನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುವುದು ಉಚಿತವೆಂದು ತೋರಿತು.

ಸ್ವೀಡನ್ ದೇಶದ ವೃತ್ತಾಂತವನ್ನೇ ಮೊದಲು ತೆಗೆದುಕೊಳ್ಳೋಣ. ಅಲ್ಲಿ 2019ರಲ್ಲಿ ಜಾರಿಗೆ ಬಂದ ಪಾಠಕ್ರಮವು ಶಿಶುವಿಹಾರಗಳಲ್ಲಿಯೂ ಈ ಉಪಕರಣಗಳಿಗೆ ಸ್ಥಾನವಿರತಕ್ಕದ್ದೆಂದು ವಿಧಿಸಿತ್ತು. ಅಂದರೆ ಅಕ್ಷರವನ್ನು ತಿದ್ದುವುದಕ್ಕೆ ಮೊದಲೇ ಬೆರಳು ಪರದೆಯ ಮೇಲೆ ಓಡಾಡತೊಡಗಿತು. ನಾಲ್ಕನೆಯ ತರಗತಿಯ ಮಕ್ಕಳ ವಾಚನಶಕ್ತಿಯನ್ನು ನಾನಾ ದೇಶಗಳಲ್ಲಿ ಅಳೆಯುವ ಪಿರ್ಲ್ಸ್ ಎಂಬ ಪರೀಕ್ಷೆಯಲ್ಲಿ 2016ರಲ್ಲಿ 555 ಅಂಕಗಳನ್ನು ಪಡೆದಿದ್ದ ಆ ದೇಶವು 2021ರಲ್ಲಿ 544ಕ್ಕೆ ಇಳಿಯಿತು. ಇದಕ್ಕೆ ಯಂತ್ರವೊಂದೇ ಕಾರಣವೆನ್ನುವದು ನ್ಯಾಯವಲ್ಲ. ನಡುವೆ ಮಹಾವ್ಯಾಧಿಯ ಕಾಲವು ಬಂದಿತು, ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಕ್ಕಳೂ ಶಾಲೆಗಳಲ್ಲಿ ಬಹಳ ಮಂದಿ ಇದ್ದರು. ಆದಾಗ್ಯೂ 2023ರಲ್ಲಿ ಅಲ್ಲಿಯ ಪ್ರಖ್ಯಾತ ವೈದ್ಯಕೀಯ ವಿಶ್ವವಿದ್ಯಾಲಯವಾದ ಕರೋಲಿನ್ಸ್ಕ ಸಂಸ್ಥೆಯ ಪಂಡಿತರು, ಮುದ್ರಿತ ಪುಸ್ತಕಕ್ಕೂ ಉಪಾಧ್ಯಾಯರ ಪರಿಣತಿಗೂ ಮತ್ತೆ ಪ್ರಾಶಸ್ತ್ಯವನ್ನು ಕೊಡಬೇಕೆಂದು ಅಭಿಪ್ರಾಯವನ್ನಿತ್ತರು. ಸರಕಾರವು ಪುಸ್ತಕಗಳಿಗಾಗಿ ಆ ವರುಷ 68 ಕೋಟಿ 50 ಲಕ್ಷ ಕ್ರೋನರುಗಳನ್ನು ಕೊಡುವುದಾಗಿ ಪ್ರಕಟಿಸಿತು. ಕಂಪ್ಯೂಟರುಗಳನ್ನು ಅವರು ಹೊರಕ್ಕೆ ಎಸೆಯಲಿಲ್ಲ. ದೊಡ್ಡ ತರಗತಿಗಳಲ್ಲಿ ಅವು ಇದ್ದೇ ಇವೆ.

ಕಾಗದಕ್ಕೂ ಪರದೆಗೂ ಅಷ್ಟೇನು ಭೇದವೆಂದು ಕೇಳುವವರುಂಟು. 2018ರಲ್ಲಿ ಕೆಲವು ವಿದ್ವಾಂಸರು 54 ಪರಿಶೋಧನೆಗಳನ್ನು ಒಟ್ಟುಗೂಡಿಸಿ ನೋಡಲಾಗಿ, ಕಥೆಯನ್ನು ಓದುವಾಗ ಭೇದವು ಕಾಣಲಿಲ್ಲ. ವಿಷಯವನ್ನು ತಿಳಿಸುವ ಪಾಠಗಳಲ್ಲಿಯೋ, ವಿಶೇಷವಾಗಿ ಸಮಯವು ಮಿತವಾಗಿರುವಾಗ, ಕಾಗದದಲ್ಲಿ ಓದಿದವರೇ ಹೆಚ್ಚಾಗಿ ಗ್ರಹಿಸಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಮ್ಮ ಹುಡುಗಿಯರು ಇದನ್ನು ಗಮನಿಸುವುದೊಳ್ಳೆಯದು!

ದಕ್ಷಿಣ ಅಮೇರಿಕದ ಪೆರು ದೇಶದ ಸಂಗತಿಯು ಇನ್ನೂ ಬೋಧಪ್ರದವಾಗಿದೆ. ಅದು 2008ರಿಂದ ಮೊದಲ್ಗೊಂಡು ಬಡ ಮಕ್ಕಳಿಗೆ 8 ಲಕ್ಷಕ್ಕೂ ಮಿಕ್ಕಿ ಚಿಕ್ಕ ಕಂಪ್ಯೂಟರುಗಳನ್ನು ಹಂಚಿತು. ಉದ್ದೇಶವು ಸ್ತುತ್ಯವೇ. ಆದರೆ 319 ಗ್ರಾಮಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿಯು ಕಂಡುಬರಲಿಲ್ಲ. ಪೆಟ್ಟಿಗೆಯು ಬಂದಿತ್ತು; ಅದರಿಂದ ಯಾವ ಪಾಠವನ್ನು ಹೇಗೆ ಕಲಿಸಬೇಕೆಂಬ ಶಿಕ್ಷಣವು ಉಪಾಧ್ಯಾಯರಿಗೆ ಸಾಕಷ್ಟು ದೊರೆತಿರಲಿಲ್ಲ.

ಇನ್ನು ಹಣದ ಮಾತು. ಅಮೇರಿಕದ ಕೇಂದ್ರ ಸರಕಾರವು 2020 ಮತ್ತು 2021ರಲ್ಲಿ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರುಗಳ ವಿಶೇಷ ಸಹಾಯವನ್ನು ಮಾಡಿತು. ಅದರಿಂದ ಅನೇಕ ಶಾಲೆಗಳು ಮಗುವಿಗೊಂದರಂತೆ ಯಂತ್ರಗಳನ್ನು ಕೊಂಡವು. ಆ ನಿಧಿಯ ಕೊನೆಯ ಭಾಗವನ್ನು ವಿನಿಯೋಗಕ್ಕೆ ಗೊತ್ತುಪಡಿಸಲು ಇದ್ದ ಗಡುವು 2024ರ ಸೆಪ್ಟೆಂಬರಿನಲ್ಲಿ ತೀರಿತು. ಯಂತ್ರಗಳಿಗೂ ಅಷ್ಟರಲ್ಲಿ ಮುಪ್ಪು ಬಂದಿತು. ದಾನವಾಗಿ ಬಂದ ಆನೆಗೆ ಪ್ರತಿದಿನವೂ ಮೇವು ಬೇಕಲ್ಲವೆ? ಬ್ಯಾಟರಿ, ರಿಪೇರಿ, ಇಂಟರ್ನೆಟ್ಟು, ಕೆಲವೇ ವರುಷಗಳಲ್ಲಿ ಹೊಸದರ ಖರ್ಚು, ಇವು ದಾನಿಗಳ ಪಟ್ಟಿಯಲ್ಲಿ ಸೇರುವುದು ಅಪೂರ್ವ. ಒಂದು ನಿಘಂಟನ್ನಾದರೋ ಅಕ್ಕನ ತರುವಾಯ ತಂಗಿಯೂ ಉಪಯೋಗಿಸುತ್ತಾಳೆ.

ಹಾಗಾದರೆ ಯಂತ್ರವು ಬೇಡವೆ? ನಮ್ಮ ಹುಡುಗಿಯರ ವಿಷಯದಲ್ಲಿ ಹಾಗೆನ್ನಲು ನನ್ನ ಮನಸ್ಸು ಒಪ್ಪದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮನೆಯಲ್ಲಿದ್ದ ಒಂದೇ ಫೋನು ಮೊದಲು ಯಾರ ಕೈಗೆ ಹೋಯಿತೆಂಬದನ್ನು ಬಲ್ಲ ತಾಯಂದಿರು ಇದನ್ನು ಓದುವವರಲ್ಲಿ ಇರಬಹುದು. ಫೋನಿಲ್ಲದ ಮಕ್ಕಳಿಗೂ ಪಾಠವು ದೊರೆಯಲೆಂದು ಕರ್ನಾಟಕ ಸರಕಾರವು ಆ ವರುಷವೇ ವಿದ್ಯಾಗಮವೆಂಬ ಯೋಜನೆಯನ್ನು ಆರಂಭಿಸಿ, ಉಪಾಧ್ಯಾಯರನ್ನು ಮಕ್ಕಳಿದ್ದ ಕೇರಿಗಳಿಗೇ ಕಳುಹಿಸಬೇಕಾಯಿತು. ಈಗಲೂ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಜೆಇಇ ಮೊದಲಾದ ಪ್ರವೇಶಪರೀಕ್ಷೆಗಳನ್ನು ಕಂಪ್ಯೂಟರಿನಲ್ಲಿಯೇ ಬರೆಯಬೇಕು. ಮನೆಯಲ್ಲಿ ಅದನ್ನು ಮುಟ್ಟದ ಹುಡುಗಿಗೆ ಶಾಲೆಯಲ್ಲಿಯೂ ಅಭ್ಯಾಸವಾಗದಿದ್ದರೆ, ಪರೀಕ್ಷೆಯ ಕೊಠಡಿಯಲ್ಲಿಯೇ ಅದರ ಪ್ರಥಮ ಪರಿಚಯವಾಗುವುದು.

ಆದಕಾರಣ ಚಿಕ್ಕ ತರಗತಿಗಳಿಗೆ ಪುಸ್ತಕಗಳೂ, ಪ್ರೌಢ ತರಗತಿಗಳಿಗೆ ಸುಸ್ಥಿತಿಯಲ್ಲಿರುವ ಒಂದೇ ಕಂಪ್ಯೂಟರು ಕೊಠಡಿಯೂ ಸಾಕೆಂದು ನನ್ನ ಎಣಿಕೆ. ಶಾಲೆಗೆ ದಾನವನ್ನು ಮಾಡಲಿಚ್ಛಿಸುವ ಹಳೆಯ ವಿದ್ಯಾರ್ಥಿನಿಯರು ಹೊಸ ಯಂತ್ರದ ಬೆಲೆಯನ್ನು ಕೇಳುವಾಗ, ಇದ್ದ ಯಂತ್ರಗಳ ರಿಪೇರಿಗೆ ವರುಷಕ್ಕೆಷ್ಟು ಬೇಕೆಂದೂ, ಮನೆಯಲ್ಲಿ ಅನುಕೂಲವಿಲ್ಲದ ಹುಡುಗಿಯರಿಗಾಗಿ ಸಂಜೆ ಒಂದು ಗಂಟೆಯ ಹೊತ್ತು ಆ ಕೊಠಡಿಯನ್ನು ತೆರೆದಿಡಲು ಏನು ಖರ್ಚಾದೀತೆಂದೂ ವಿಚಾರಿಸುವರೆಂದು ನಂಬುತ್ತೇನೆ.