ಸ್ಲೋದಲ್ಲಿ ನಿಲ್ಲದ ಎಂಜಿನ್

ನಾಡದೋಣಿ ಅಳಿವೆ ದಾಟಿ ಒಳಗೆ ಬರುವಾಗ ತೆರೆ ನೋಡಿಕೊಂಡು ವೇಗ ಇಳಿಸಬೇಕು. ಔಟ್‌ಬೋರ್ಡ್ ಎಂಜಿನ್ ಕೈಕೊಡುವುದು ಹೆಚ್ಚಾಗಿ ಅಲ್ಲೇ. ಕಡಲಲ್ಲಿ ಗಂಟೆಗಟ್ಟಲೆ ಸರಾಗವಾಗಿ ಓಡಿದ್ದು ಥ್ರಾಟಲ್ ಇಳಿಸಿದೊಡನೆ ಕೆಮ್ಮಿ, ನಡುಗಿ ಆಫ್ ಆಗುತ್ತದೆ. ‘ಬಿಸಿಯಾದ ಮೇಲೆ ಸ್ಲೋದಲ್ಲಿ ನಿಲ್ಲುವುದಿಲ್ಲ’ ಎಂದು ಮೆಕ್ಯಾನಿಕ್‌ಗೆ ದೂರು ಹೋಗುತ್ತದೆ. ಆದರೆ ಸೀಮೆಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಎಂಜಿನ್ನಾದರೆ ನಾನು ಮೊದಲು ಸಂಶಯಪಡುವುದು ಬಿಸಿಯನ್ನಲ್ಲ, ತಂಪನ್ನು.

ಪೆಟ್ರೋಲ್ ಸುತ್ತಲಿನ ಗಾಳಿಯ ಬಿಸಿಗೇ ಆವಿಯಾಗುತ್ತದೆ. ಸೀಮೆಎಣ್ಣೆ ಕುದಿಯಲು ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಅದಕ್ಕೇ. ವೇಗದಲ್ಲಿ ಓಡುವಾಗ ಬೇಕಾದಷ್ಟು ಶಾಖವಿರುತ್ತದೆ. ಸ್ಲೋದಲ್ಲಿ ಉರಿಯುವ ಇಂಧನವೇ ಕಡಿಮೆ, ಕಡಲ ನೀರು ಮಾತ್ರ ಸುತ್ತುತ್ತಲೇ ಇರುತ್ತದೆ. ಆ ನೀರನ್ನು ತಡೆದು ಬಿಸಿ ಉಳಿಸಬೇಕಾದ ಥರ್ಮೋಸ್ಟಾಟ್ ಔಟ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಕಾರುಗಳಲ್ಲಿ ಇದು 80ರ ಮೇಲೆ. ಕಡಲ ನೀರು ಅಷ್ಟು ಕಾದರೆ ಒಳಗೆಲ್ಲ ಉಪ್ಪು ಕಟ್ಟುತ್ತದಲ್ಲ! ಈ ಥರ್ಮೋಸ್ಟಾಟೇ ಉಪ್ಪು ಹಿಡಿದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಸೀಮೆಎಣ್ಣೆ ಹನಿಯಾಗಿಯೇ ಉಳಿದು ಪ್ಲಗ್ಗನ್ನು ತೋಯಿಸುತ್ತದೆ. ಬಿಚ್ಚಿದ ಪ್ಲಗ್ ಕಪ್ಪಾಗಿ ಒದ್ದೆಯಾಗಿದ್ದರೆ ಈ ಸಂಶಯ ಬಲವಾಗುತ್ತದೆ. ಅಳಿವೆಗೆ ಮುನ್ನವೇ ಪೆಟ್ರೋಲಿಗೆ ತಿರುಗಿಸಿ ನೋಡಬೇಕು. ಎಂಜಿನ್ ನಿಲ್ಲಿಸುವ ಮುಂಚೆ ಹೇಗೂ ತಿರುಗಿಸಬೇಕು. ಇಲ್ಲವಾದರೆ ಮರುದಿನ ಹಗ್ಗ ಎಳೆದು ಎಳೆದು ತೋಳು ಸೋಲುತ್ತದೆ.

ಪೆಟ್ರೋಲಿನಲ್ಲೂ ಅದೇ ಗೋಳಾದರೆ ಕಣ್ಣು ಕಾರ್ಬರೇಟರ್ ಕಡೆ ಹೋಗಬೇಕು. ಸ್ಲೋದಲ್ಲಿ ಇಂಧನ ಬರುವುದು ಪೈಲಟ್ ಜೆಟ್ಟಿನ ಸಣ್ಣ ತೂತಿನಿಂದ. ಒಣಗಿದ ಪೆಟ್ರೋಲಿನ ಅಂಟು ಅದನ್ನು ಅರ್ಧ ಮುಚ್ಚಿದ್ದರೂ ತಣ್ಣಗಿದ್ದಾಗ ಗೊತ್ತಾಗುವುದಿಲ್ಲ, ಏಕೆಂದರೆ ಚೋಕ್ ಎಳೆದಿರುತ್ತೇವೆ. ಚೋಕ್ ಬಿಟ್ಟಾಗ ಕೊರತೆ ಬಯಲಾಗುತ್ತದೆ. ಎಂಜಿನ್ ಸಾಯುವ ಕ್ಷಣದಲ್ಲಿ ಚೋಕ್ ಸ್ವಲ್ಪ ಎಳೆಯಿರಿ. ಚೇತರಿಸಿಕೊಂಡರೆ ಇಂಧನ ಸಾಲುತ್ತಿಲ್ಲ, ಅಥವಾ ಎಲ್ಲೋ ಗ್ಯಾಸ್ಕೆಟ್ ಬಿಟ್ಟು ಹೆಚ್ಚುವರಿ ಗಾಳಿ ನುಗ್ಗುತ್ತಿದೆ. ಇನ್ನೂ ಬೇಗ ನಿಂತರೆ ಇಂಧನ ಮೊದಲೇ ಅತಿಯಾಗಿದೆ. ಪೈಪಿನಲ್ಲಿರುವ ರಬ್ಬರ್ ಬಲ್ಬ್ ಹಿಸುಕಿದಾಗ ಸರಿಯಾದರೆ ಫ್ಯುಯೆಲ್ ಪಂಪಿನ ಡಯಾಫ್ರಾಮ್ ನೋಡಬೇಕು. ಏನನ್ನೂ ಬಿಚ್ಚದೆ ಇಷ್ಟು ತಿಳಿಯುತ್ತದೆ.

ಇಗ್ನಿಷನ್ ಕಾಯಿಲ್ ಮಾತ್ರ ನಿಜವಾಗಿ ಬಿಸಿಗೇ ಸೋಲುವ ವಸ್ತು. ಒಳಗಿನ ತಂತಿಯೋ ಅದರ ಹೊದಿಕೆಯೋ ಬಿರುಕು ಬಿಟ್ಟಿದ್ದರೆ, ಕಾದು ಹಿಗ್ಗಿದಾಗ ಕಿಡಿ ಬಡವಾಗುತ್ತದೆ. ತಣಿದರೆ ಮತ್ತೆ ಸರಿ. ಮರುದಿನ ಅಂಗಡಿಯ ಮೇಜಿನ ಮೇಲೆ ಪರೀಕ್ಷಿಸಿದಾಗ ‘ಏನೂ ತೊಂದರೆ ಇಲ್ಲ’ ಎನ್ನಿಸಿಕೊಳ್ಳುವುದು ಇದೇ. ಇದನ್ನು ಕಾದಿರುವಾಗಲೇ ಪರೀಕ್ಷಿಸಬೇಕು.

ಇಷ್ಟೆಲ್ಲ ಬೇಡವೆಂದು ಸ್ಲೋ ಸ್ಕ್ರೂ ತಿರುಗಿಸಿ ವೇಗ ಏರಿಸಿಬಿಡುವವರಿದ್ದಾರೆ. ಎಂಜಿನ್ ಆಫ್ ಆಗುವುದು ನಿಲ್ಲಬಹುದು. ಆದರೆ ಗೇರ್ ಹಾಕಿದಾಗಲೆಲ್ಲ ಢಣ್ ಎಂದು ಬಡಿದು ಕ್ಲಚ್ಚಿನ ಹಲ್ಲುಗಳ ಅಂಚು ಸವೆಯುತ್ತ ಹೋಗುತ್ತದೆ. ಆಮೇಲೆ ಬಿಚ್ಚಬೇಕಾಗುವುದು ನೀರಿನೊಳಗಿನ ಗೇರ್‌ಬಾಕ್ಸನ್ನು.